ಮೊದಲ ಎಳೆ ಭಾಗ್ಯಮ್ಮನದು

ಕೊಳ್ಳೇಗಾಲದ ನೇಕಾರರ ಬೀದಿಗೆ ಇನ್ನೂ ಹಾಲಿನವನು ಬಂದಿಲ್ಲ. ಮುತ್ತಯ್ಯನವರ ಮಗ್ಗದ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮಗ್ಗದ ಹಿಂದೆ ಹಾಸಿದ ಗೋಣಿತಾಟಿನ ಮೇಲೆ ಭಾಗ್ಯಮ್ಮ ಕೂತಿದ್ದಾರೆ, ಪಕ್ಕದಲ್ಲಿ ಮಗ ಚೌಡೇಶ್. ನೇಯ್ದು ಮುಗಿದ ಹಾಸಿನ, ಅಂದರೆ ಉದ್ದೆಳೆಗಳ, ಮೋಟು ತುದಿಗಳು ಮಗ್ಗದಿಂದ ಇಳಿಬಿದ್ದಿವೆ. ಎದುರಿಗೆ ಹೊಸ ಹಾಸಿನ ರೇಷ್ಮೆ. ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಸೇರಿಸಿ ಬೆರಳಲ್ಲಿ ಹೊಸೆಯಬೇಕು, ಹೀಗೆ ಸಾವಿರಾರು ಸಲ. ಬೀದಿಯ ಬಾಯಲ್ಲಿ ಇದು ಅಚ್ಚು ಕೆಚ್ಚುವ ಕೆಲಸ.

ಎಳೆ ಜಾರದಿರಲೆಂದು ಭಾಗ್ಯಮ್ಮ ಬೂದಿ ಬಟ್ಟಲಿಗೆ ಬೆರಳು ಅದ್ದಿ ಮೊದಲ ಎಳೆ ಹಿಡಿಯುತ್ತಾರೆ. ಕೈ ನಡುಗುತ್ತದೆ, ಎಳೆ ಜಾರುತ್ತದೆ. ಮತ್ತೆ ಹಿಡಿಯುತ್ತಾರೆ, ಮತ್ತೆ ಜಾರುತ್ತದೆ. ಚೌಡೇಶ್ ನೆರವಿಗೆ ಕೈ ಚಾಚುವುದಿಲ್ಲ, ಅವಸರವನ್ನೂ ಮಾಡುವುದಿಲ್ಲ. ಅವ್ವನ ಮುಖ ನೋಡುವುದು ಅವನಿಗೆ ರೂಢಿಯಿಲ್ಲ, ಬೆರಳುಗಳನ್ನೇ ನೋಡುತ್ತಾ ಕೂತಿದ್ದಾನೆ. ಕೊನೆಗೂ ಎರಡು ತುದಿಗಳು ಒಂದಾಗುತ್ತವೆ.

"ಆಯ್ತಾ?"

"ಆಯ್ತು ಕಣಪ್ಪ."

ಭಾಗ್ಯಮ್ಮ ಮಗ್ಗದ ಕಂಬ ಹಿಡಿದು ಏಳುತ್ತಾರೆ. ಆ ಜಾಗಕ್ಕೆ ಮುತ್ತಯ್ಯನವರ ಸೊಸೆ ಶ್ವೇತಾ ಬಂದು ಕೂರುತ್ತಾಳೆ. ಎರಡನೆಯ ಎಳೆಯಿಂದ ಅವಳು ಆರಿಸಿ ಕೊಡುತ್ತಾಳೆ, ಇವನು ಹೊಸೆಯುತ್ತಾನೆ. ಅವನ ಬೆರಳು ಎಲ್ಲಿ ತಿರುಗಿತು, ಎಲ್ಲಿ ಬಿಟ್ಟಿತು ಎಂದು ನೋಡುವವರ ಕಣ್ಣಿಗೆ ಸಿಗದು. ಭಾಗ್ಯಮ್ಮ ಗೋಡೆಗೆ ಒರಗಿಕೊಂಡು ಸೆರಗಿನಲ್ಲಿ ಬೂದಿ ಒರೆಸಿಕೊಳ್ಳುತ್ತಾರೆ. ಅವರ ಇವತ್ತಿನ ಕೆಲಸ ಮುಗಿಯಿತು.

"ಮೊದ್ಲು ಇಡೀ ಹಾಸಿಗೂ ನಾನೇ ಎಳೆ ಕೊಡ್ತಿದ್ದೆ ಸಾ. ಈಗ ಒಂದೆಳೆ ಆಳು," ಎಂದು, ಅವರ ಕತೆ ಕೇಳಲು ಬಂದು ಕೂತ ನನ್ನ ಕಡೆ ತಿರುಗಿ ನಗುತ್ತಾರೆ.

ಯಳಂದೂರು ಕಡೆಯ ಅಗರದಿಂದ ಮದುವೆಯಾಗಿ ಬಂದಾಗ ಭಾಗ್ಯಮ್ಮನಿಗೆ ಮಗ್ಗದ ಗಂಧಗಾಳಿಯೂ ಇರಲಿಲ್ಲ. ಗಂಡ ಸಿದ್ದಯ್ಯ ಅಚ್ಚು ಕೆಚ್ಚುವವರು. ಬಿಡುವಿದ್ದಾಗ ಪಂಚೆ, ಟವೆಲ್ಲಿನ ಗಂಟು ಹೊತ್ತು ಪಾಲಾರ್ ಕಡೆಯ ಊರುಗಳಿಗೆ ಮಾರಾಟಕ್ಕೂ ಹೋಗುತ್ತಿದ್ದರು. ಎಳೆ ಆರಿಸಿ ಕೊಡುವುದನ್ನು ಹೆಂಡತಿಗೆ ಕಲಿಸಿದವರು ಅವರೇ. ಮಗನಿಗೆ ಯಾರೂ ಕಲಿಸಲಿಲ್ಲ. ಅವನು ಅಪ್ಪನ ಬೆರಳು ನೋಡುತ್ತಾ ಬೆಳೆದ.

ಬೆಳೆದದ್ದೇನೂ ಸಲೀಸಾಗಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಒಂದೇ ತಟ್ಟೆ, ಒಂದೇ ಮೂಲೆ, ಒಂದೇ ದಾರಿ. ಚರಂಡಿಗೆಂದು ರಸ್ತೆ ಅಗೆದಿದ್ದರೆ ಸುತ್ತಿ ಹೋಗುವ ಮಾತೇ ಇಲ್ಲ, ಮನೆಗೆ ವಾಪಸ್. ಶಾಲೆಯವರು ಕೈ ಚೆಲ್ಲಿದರು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತದ್ದಾಯಿತು, ತಾಯಿತ ಕಟ್ಟಿದ್ದಾಯಿತು. ಬೀದಿಯವರು ಅವನಿಗೆ 'ಮೂರುಕಾಲ' ಎಂದು ಹೆಸರಿಟ್ಟರು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಎಂದು. ಇದು ಆಟಿಸಂ ಎಂದು ವೈದ್ಯರೊಬ್ಬರು ಹೇಳುವ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು.

"ಹೆಸ್ರು ಗೊತ್ತಾದ್ಮೇಲೆ ಒಂದಿನ ಅತ್ತೆ. ಆಮೇಲೆ ಏನ್ ಮಾಡದು ಅಂತ ಡಾಕ್ಟ್ರೂ ಯೋಳ್ನಿಲ್ಲ," ಎನ್ನುತ್ತಾರೆ ಭಾಗ್ಯಮ್ಮ.

ಸಿದ್ದಯ್ಯ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಎದೆ ನೋವೆಂದು ಮಲಗಿದವರು ಏಳಲಿಲ್ಲ. ಮಗ ಗಲಾಟೆ ಮಾಡಿಯಾನು ಎಂಬ ಹೆದರಿಕೆಯಲ್ಲಿ ನೆಂಟರು ಅವನನ್ನು ಬೇರೆ ಮನೆಯಲ್ಲಿ ಕೂರಿಸಿದರು. ಮಣ್ಣು ಮಾಡಿ ಬಂದ ಮೇಲೆ, ಅಪ್ಪ ಎಲ್ಲಿ ಎಂದು ಕೇಳಿದವನಿಗೆ ಯಾರೋ ಹಿರಿಯರು, "ಗೋಪಿನಾಥಕ್ಕೆ ಓಗವ್ನೆ ಕಣ್ಲಾ, ಅಲ್ಲಿಂದ ಬಸ್ಸಿಲ್ಲ, ಬತ್ತಾನೆ," ಎಂದರು. ಪಾಲಾರ್ ಕಡೆಯ, ಕಾಡಿನ ಅಂಚಿನ ಆ ಊರಿಗೆ ಬಸ್ಸು ಅಪರೂಪವೆನ್ನುವುದು ನಿಜ. ಸುಳ್ಳು ಚೆನ್ನಾಗಿ ಕೂತಿತು. ಚೌಡೇಶ್ ಸಂಜೆಯಾದರೆ ಬಸ್ ನಿಲ್ದಾಣಕ್ಕೆ ಹೋಗಿ ಕಾಯತೊಡಗಿದ. ಮಳೆಗಾಲ ಬಂದು ಹೋಯಿತು. ಆಮೇಲೊಂದು ದಿನ ಹೋಗುವುದನ್ನು ನಿಲ್ಲಿಸಿದ. ಮರೆತ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಭಾಗ್ಯಮ್ಮನೂ ಬಿಟ್ಟರು.

ಅಪ್ಪನ ಕೆಲಸಕ್ಕೆ ಈಗ ಅವನೇ ಕೂತ. ಅಲ್ಲೊಂದು ತೊಡಕು ಕಾದಿತ್ತು. ಹೊಸ ಹಾಸಿನ ಮೊದಲ ಎಳೆಯನ್ನು ಮುತ್ತೈದೆಯೇ ಹೊಸೆಯಬೇಕೆನ್ನುವುದು ಈ ಬೀದಿಯ ಹಿಂದಿನಿಂದ ಬಂದ ವಾಡಿಕೆ. ಅಲ್ಲಿಯವರೆಗೆ ಯಾವ ಮನೆಗೆ ಹೋದರೂ ಅದು ಭಾಗ್ಯಮ್ಮನ ಕೈಯಲ್ಲೇ ಆಗುತ್ತಿತ್ತು. ಕುಂಕುಮ ಅಳಿಸಿದ ಮೇಲೆ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮುತ್ತಯ್ಯನವರ ಹೆಂಡತಿ ಅರಿಶಿನ ಕುಂಕುಮವಿಟ್ಟು ಮೊದಲ ಎಳೆ ಹೊಸೆದರು. ಚೌಡೇಶ್ ಅದನ್ನು ಬಿಚ್ಚಿ, ಎರಡು ತುದಿಗಳನ್ನೂ ತಂದು ಅವ್ವನ ಕೈಗೆ ಕೊಟ್ಟ.

"ನಂಗೆ ಮೈ ಉರಿದೋಯ್ತು ಸಾ. ಕೆನ್ನೆಗೆ ಒಡೆದ್ಬುಟ್ಟೆ. 'ನಾನು ಮುಟ್ಟಬಾರ್ದು ಕಣ್ಲಾ, ಪಾಪ ಬತ್ತದೆ' ಅಂದೆ. ಅವ್ನು ಎಳೆ ಹಿಡ್ಕಂಡು ಅಂಗೇ ಕೂತ. ಬೆಳಿಗ್ಗೆ ಕೂತೋನು ದೀಪ ಹಚ್ಚೋ ಹೊತ್ತಾದ್ರೂ ಏಳ್ನಿಲ್ಲ, ನೀರೂ ಕುಡೀಲಿಲ್ಲ."

ಕೊನೆಗೆ ಭಾಗ್ಯಮ್ಮ ಅಳುತ್ತಲೇ ಹೊಸೆದರು. ಸುದ್ದಿ ಬೀದಿಯೆಲ್ಲ ಹರಡಿತು. ಕೆಲವು ಮನೆಯವರು ಇವರನ್ನು ಕರೆಯುವುದನ್ನೇ ಬಿಟ್ಟರು. ಉಳಿದವರಿಗೆ ಅವನಂಥ ಕೈ ಬೇರೆಲ್ಲೂ ಸಿಗಲಿಲ್ಲ, ಗೊಣಗುತ್ತಲೇ ಒಪ್ಪಿಕೊಂಡರು. ಹಟಮಾರಿ ಎಂದು ಅವನೊಬ್ಬನಿಗೇ ಹೆಸರು ಬಂತು. ವಾಡಿಕೆ ಬಿಡದೆ ಬಾಗಿಲು ಹಾಕಿಕೊಂಡವರಿಗೆ ಸಂಪ್ರದಾಯಸ್ಥರು ಎಂಬ ಒಳ್ಳೆಯ ಹೆಸರೇ ಉಳಿಯಿತು. ಮೊಲದ ಕಾಲು ಎಣಿಸುವುದರಲ್ಲಿ ಬೀದಿಯೇನೂ ಹಿಂದೆ ಬಿದ್ದಿಲ್ಲ.

ಕಳೆದ ವರ್ಷ ಭಾಗ್ಯಮ್ಮನ ಕೈ ನಡುಗಲು ಶುರುವಾಯಿತು. ಮಾತ್ರೆ ನುಂಗಿದರೂ ನಿಲ್ಲಲಿಲ್ಲ. ಎಳೆ ಆರಿಸಿ ಕೊಡುವವರ ಕೈ ಅಲುಗಿದರೆ ರೇಷ್ಮೆ ಸಿಕ್ಕಾಗುತ್ತದೆ, ಕೆಲಸ ಕೆಡುತ್ತದೆ. ಅವನೋ ಅವ್ವನನ್ನು ಬಿಟ್ಟು ಬೇರೆ ಯಾರ ಜೊತೆಗೂ ಕೂರುವವನಲ್ಲ. ನನ್ನ ಕೈ ನಿಂತ ದಿನ ಅವನ ಕೈಯೂ ನಿಲ್ಲುತ್ತದೆ, ನಾನು ಹೋದ ಮೇಲೆ ಇವನಿಗೆ ಒಂದು ತುತ್ತು ಯಾರು ಕೊಡುತ್ತಾರೆ ಎಂಬ ಚಿಂತೆ ಅವರಿಗೆ ಹತ್ತಿಕೊಂಡಿತು. ಶ್ವೇತಾಳನ್ನು ಪಕ್ಕದಲ್ಲಿ ಕೂರಿಸಿ ನೋಡಿದರು, ಎದ್ದು ಮನೆಗೆ ಹೋದ. ರಮಿಸಿದರು, ಬೈದರು, ಮೈಸೂರುಪಾಕು ಕೊಟ್ಟರು. ತಿಂದು ಎದ್ದು ಹೋದ.

ಆಗ ಭಾಗ್ಯಮ್ಮನಿಗೊಂದು ಉಪಾಯ ಹೊಳೆಯಿತು. ಅವನಿಗೆ ಬೇಕಾದದ್ದು ಎಲ್ಲವೂ ಮೊದಲಿದ್ದಂತೆಯೇ ಇರುವುದು ತಾನೆ? ಒಂದು ಬೆಳಗಿನ ಜಾವ ತಮ್ಮ ಹಸಿರು ಸೀರೆಯನ್ನು ಶ್ವೇತಾಳಿಗೆ ಉಡಿಸಿ, ತಮ್ಮ ಗೋಣಿತಾಟಿನ ಮೇಲೆ ಕೂರಿಸಿ, ತಮ್ಮ ಬೂದಿ ಬಟ್ಟಲನ್ನೇ ಮುಂದಿಟ್ಟರು. ತಾವು ಪಕ್ಕದ ಮನೆಯಲ್ಲಿ ಅಡಗಿ ಕೂತರು. ಚೌಡೇಶ್ ಬಂದ, ನೋಡಿದ. "ಅವ್ವ ಎಲ್ಲಿ?" ಎಂದ. ಬಡಪಾಯಿ ಶ್ವೇತಾಳ ಬಾಯಿಗೆ ಮೊದಲು ಬಂದದ್ದೇ ಆ ಮಾತು: "ಊರಿಗೆ ಓಗವ್ರೆ ಅಣ್ಣ, ಬತ್ತಾರೆ."

ಅವನು ಕಿರುಚಲಿಲ್ಲ. ಎದ್ದು ಹೊರಟ. ಮನೆಯಲ್ಲಿ ಇರಲಿಲ್ಲ, ಕೆರೆಯ ಕಡೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಭಾಗ್ಯಮ್ಮನಿಗೆ ಬಸ್ ನಿಲ್ದಾಣದ ನೆನಪಾಯಿತು. ಅವನು ಅದೇ ಹಳೆಯ ಕಲ್ಲುಬೆಂಚಿನ ತುದಿಯಲ್ಲಿ, ಹನೂರು ಕಡೆಯಿಂದ ಬಸ್ಸು ಬರುವ ದಾರಿಗೆ ಮುಖ ಮಾಡಿ ಕೂತಿದ್ದ.

"ಅಲ್ಲಿ ಸತ್ತೋದೆ ಕಣ್ ಸಾ ನಾನು," ಎಂದು ಭಾಗ್ಯಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಆ ಬೆಂಚಿನ ಮೇಲೆ ಅವರು ಮಗನಿಗೆ ಮೊದಲ ಬಾರಿ ನಿಜ ಹೇಳಿದರು. ನಿಮ್ಮಪ್ಪ ಗೋಪಿನಾಥಕ್ಕೆ ಹೋಗಲಿಲ್ಲ, ಸತ್ತುಹೋದ ಎಂದರು.

"ಗೊತ್ತು," ಎಂದ ಚೌಡೇಶ್. "ಯಾರೂ ಯೋಳ್ನಿಲ್ಲ."

ಮತ್ಯಾಕೆ ಇಲ್ಲಿ ಕೂತೆ ಎಂದು ಕೇಳಿದರು.

"ನೀನೂ ಯೋಳ್ದೆ ಓದೆ."

ಭಾಗ್ಯಮ್ಮ ತಮ್ಮ ಕೈಯನ್ನು ಅವನ ಮುಂದೆ ಹಿಡಿದರು. ಇದು ನಿಲ್ಲುವುದಿಲ್ಲ, ಇನ್ನು ಮೇಲೆ ನನ್ನಿಂದ ಎಳೆ ಕೊಡಲಾಗದು, ಅದಕ್ಕೇ ಶ್ವೇತಾ ಕೊಡಬೇಕು ಎಂದರು. ಅವನು ಆ ಕೈಯನ್ನು ನೋಡಿದ. "ಯಾವತ್ತಿಂದ?" ಎಂದು ಕೇಳಿದ. ಸೋಮವಾರದಿಂದ ಎಂದರು. "ಸೋಮಾರ ಬ್ಯಾಡ. ಈ ಹಾಸು ಮುಗೀಲಿ," ಎಂದ. ಅಷ್ಟೇ. ತಿಂಗಳುಗಟ್ಟಲೆ ಬೈದು ರಮಿಸಿ ಆಗದ್ದು ಬಸ್ಸಿನ ಹೊಗೆಯ ನಡುವೆ ನಾಲ್ಕು ಮಾತಿನಲ್ಲಿ ಮುಗಿಯಿತು. ಅವನು ಬದಲಾಗುವವನಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದರು, ಬದಲಾಗುತ್ತಿದೆ ಎಂದು ಅವನಿಗೆ ಹೇಳುವ ಗೋಜಿಗೆ ಮಾತ್ರ ಯಾರೂ ಹೋಗಿರಲಿಲ್ಲ.

ಮೊದಲ ಎಳೆಯನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. ಅಪ್ಪ ಸತ್ತದ್ದು ನಿನಗೇ ಗೊತ್ತಿರುವಾಗ ನನ್ನ ಕೈಯಲ್ಲಿ ಯಾಕೆ ಹೊಸೆಯಿಸುತ್ತೀಯ, ಮುತ್ತೈದೆ ಶ್ವೇತಾ ಇದ್ದಾಳಲ್ಲ ಎಂದು ಭಾಗ್ಯಮ್ಮ ಕೇಳಿದ್ದರು. ಅವನಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಅಪ್ಪ ಸತ್ರೆ ನಿನ್ ಕೈಗೇನಾಯ್ತು?" ಎಂದ.

ನಡುಗುವ ಕೈ ಹೊಸೆದ ಆ ಎಳೆ ಹೆಚ್ಚು ದಿನ ನಿಲ್ಲುವುದಿಲ್ಲ. ನೇಯಲು ಕೂತರೆ ಮೊದಲು ಕಿತ್ತುಹೋಗುವುದು ಅದೇ. "ಕಿತ್ತೋಯ್ತದೆ, ನಾನೇ ಕಟ್ಕತೀನಿ. ಅವ್ನಿಗೂ ಯೋಳಲ್ಲ, ಅವ್ರಮ್ಮಂಗೂ ಯೋಳಲ್ಲ," ಎಂದು ಮುತ್ತಯ್ಯ ದನಿ ತಗ್ಗಿಸುತ್ತಾರೆ. ಭಾಗ್ಯಮ್ಮನಿಗೆ ಅದು ಗೊತ್ತು. ಗೊತ್ತಿಲ್ಲದವರ ಹಾಗೆ ಇರುತ್ತಾರೆ.

ನಿಜ ಹೇಳುವ ಅಭ್ಯಾಸ ಒಮ್ಮೆ ಆದ ಮೇಲೆ ಅರ್ಧಕ್ಕೆ ನಿಲ್ಲಿಸಲಾಗುವುದಿಲ್ಲ. ಹೋದ ತಿಂಗಳು ಮುದ್ದೆ ಬಡಿಸುತ್ತಾ ಅವರು ಮಗನಿಗೆ ಉಳಿದದ್ದನ್ನೂ ಹೇಳಿದರು: ನಾನೂ ಒಂದಿನ ಸಾಯುತ್ತೇನೆ, ಆಗ ಹೋಗುವುದು ಗೋಪಿನಾಥಕ್ಕಲ್ಲ, ಬಸ್ ನಿಲ್ದಾಣಕ್ಕೆ ಹೋಗಬೇಡ. ಆಗ ಮೊದಲ ಎಳೆ ಯಾರ ಕೈಲಿ ಮಾಡಿಸುತ್ತೀಯ ಎಂದು ಕೇಳಿದರು. ಉಣ್ಣುವುದು ಮುಗಿಸಿ, ಕೈ ತೊಳೆದು ಬಂದು ಹೇಳಿದ:

"ಮೊದಲ್ನೇದ್ನ ಬುಟ್ಬುಡ್ತೀನಿ. ಎರಡ್ನೇದ್ರಿಂದ ಕೆಚ್ತೀನಿ."

ಭಾಗ್ಯಮ್ಮ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದವರೇ ಮುತ್ತಯ್ಯನವರ ಮನೆಗೆ ಹೋಗಿ, ಅಂಚಿನಲ್ಲಿ ಒಂದೆಳೆ ಇಲ್ಲದಿದ್ದರೆ ಸೀರೆ ಕೆಡುತ್ತದೆಯೇ ಎಂದು ಕೇಳಿದರು. ಏನೂ ಆಗುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದರು ಮುತ್ತಯ್ಯ.

ಬಿಸಿಲು ಈಗ ಮಗ್ಗದ ಕೋಣೆಯ ಹೊಸ್ತಿಲಿಗೆ ಬಂದಿದೆ. ಚೌಡೇಶ್ ತಲೆಯೆತ್ತದೆ ಹೊಸೆಯುತ್ತಿದ್ದಾನೆ. ಗೋಡೆಗೆ ಒರಗಿದ ಭಾಗ್ಯಮ್ಮ ಅವನನ್ನೇ ನೋಡುತ್ತಾ ಹೇಳುತ್ತಾರೆ:

"ನಂಗಿನ್ನೇನೂ ಬ್ಯಾಡ ಸಾ. ನಾಳೆ ನಾನಿಲ್ದಾಗ, ಒಂದೆಳೆ ಯಾಕ್ಲಾ ಬುಟ್ಟೆ ಅಂತ ಯಾರೂ ಅವನ್ನ ಬೈಬಾರ್ದು."