ಸಂತರು ತಪ್ಪಿ ಕೊಟ್ಟ ತೊಂಬತ್ತೆಂಟು

ನಮ್ಮ ಮನೆಯವರ ಪ್ರಕಾರ ಲೆಕ್ಕ ಎನ್ನುವುದು ಗಂಡುಮಕ್ಕಳಿಗೆ ಮೀಸೆಯ ಹಾಗೆ ತಾನಾಗಿಯೇ ಬರುವಂಥದ್ದು. ಅಣ್ಣನಿಗೆ ಮೀಸೆ ಬಂತು, ಲೆಕ್ಕ ಬರಲಿಲ್ಲ. ಒಂದು ಕ್ಲಾಸಿನಲ್ಲಿ ಅವನು ಡುಮ್ಕಿ ಹೊಡೆದದ್ದರಿಂದ, ಐವತ್ತರ ದಶಕದ ಕೊನೆಯಲ್ಲಿ ಅವನೂ ತಂಗಿಯಾದ ನಾನೂ ಒಂದೇ ವರ್ಷ ಎಸ್ಸೆಸ್ಸೆಲ್ಸಿಗೆ ಕೂತೆವು.

ಅಮ್ಮ ಪ್ರತಿ ಮಂಗಳವಾರ ಮಂಗಳೂರಿನ ಫಳ್ನೀರಿನ ನಮ್ಮ ಮನೆಯಿಂದ ಇಗರ್ಜಿಗೆ ನಡೆದುಹೋಗಿ, ಅವನ ಲೆಕ್ಕದ ಸಲುವಾಗಿ ಅಲ್ಲಿಯ ಸಂತರ ಮೂರ್ತಿಯ ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದರು. ನನಗೆ ಬತ್ತಿ ಬೇಡವೇ ಎಂದು ಕೇಳಿದೆ.

"ನಿನಗೆ ಲೆಕ್ಕ ಎಂತಕ್ಕೆ? ನರ್ಸಿಂಗಿಗೆ ಇಂಗ್ಲಿಷ್ ಬಂದ್ರೆ ಸಾಕು."

ನನಗೋ ಕಾಲೇಜಿನಲ್ಲಿ ಗಣಿತವೇ ಬೇಕಿತ್ತು. ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಅಣ್ಣ ಮಾಡದೆ ಬಿಟ್ಟ ಲೆಕ್ಕಗಳನ್ನೂ ಮಾಡಿ ಮುಗಿಸಿದೆ.

ಫಲಿತಾಂಶ ಬಂತು. ಲೆಕ್ಕದಲ್ಲಿ ಅಣ್ಣನಿಗೆ ಇಪ್ಪತ್ತೊಂಬತ್ತು, ನನಗೆ ತೊಂಬತ್ತೆಂಟು. ಅಮ್ಮ ಎರಡೂ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಸಂತರಿಗೆ ತಪ್ಪಿ ಹೋಗಿದೆ. ಒಂದೇ ಮನೆ, ಒಂದೇ ಸರ್‌ನೇಮ್ ಅಲ್ವಾ. ಮಗನಿಗೆ ಕೇಳಿದ್ದು ಮಗಳಿಗೆ ಹೋಯ್ತು."

ನೆರೆಕರೆಯ ಹೆಂಗಸರೂ ಹೌದು ಹೌದೆಂದು ತಲೆಯಾಡಿಸಿದರು. ಹುಡುಗಿಯೊಬ್ಬಳು ತಾನೇ ಲೆಕ್ಕ ಮಾಡಿದಳೆಂದು ನಂಬುವುದಕ್ಕಿಂತ ಸಂತರು ಎಡವಿದರೆಂದು ನಂಬುವುದೇ ಅವರಿಗೆ ಸಲೀಸು. ಅಣ್ಣ ಮಾತ್ರ, "ಬರೆದದ್ದು ಅವಳಲ್ವಾ ಮಾರಾಯ್ರೆ" ಎಂದ. ಫೇಲಾದವನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಅಪ್ಪ ನರ್ಸಿಂಗ್ ಶಾಲೆಯ ಫಾರ್ಮ್ ತಂದಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಅತ್ತು ಕರೆದರೆ ಆಗುವ ಕೆಲಸ ಅದಲ್ಲವೆಂದು ಗೊತ್ತಿತ್ತು. ಮುಖವನ್ನು ಆದಷ್ಟು ಸಾಧುವಾಗಿ ಇಟ್ಟುಕೊಂಡು ಅಮ್ಮನ ಹತ್ತಿರ ಹೋದೆ.

"ತಪ್ಪಿಯೇ ಕೊಟ್ಟದ್ದು ಅಂತ ಇಟ್ಕೊಳ್ಳಿ. ಆದ್ರೂ ಕೊಟ್ಟದ್ದು ಸಂತರಲ್ವಾ ಅಮ್ಮ? ಅದನ್ನು ಬಿಸಾಡಿದ್ರೆ ಅವರಿಗೆ ಬೇಜಾರಾಗ್ಲಿಕ್ಕಿಲ್ವಾ? ಅಣ್ಣನಿಗೆ ಪುನಃ ಪರೀಕ್ಷೆ ಬೇರೆ ಉಂಟು."

ಅಮ್ಮನ ಮುಖ ಬಿಳಿಚಿತು. ಮಗನನ್ನು ಪಾಸು ಮಾಡಿಸಬೇಕಾದವರ ಸಿಟ್ಟು ಕಟ್ಟಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕೂಡ ಪೂರ್ತಿ ಕುಡಿಯಲು ಬಿಡದೆ ಅಪ್ಪನನ್ನು ಕಾಲೇಜಿಗೆ ಅಟ್ಟಿದರು.

ಗಣಿತದಲ್ಲೇ ಸೀಟು ಸಿಕ್ಕಿತು. ಕುಣಿಯುವಷ್ಟು ಖುಷಿಯಾಯಿತು. ಮುಂದೆ ನಾನು ಗಣಿತ ಕಲಿಸುವ ಟೀಚರಾದ ಮೇಲೂ ಅಮ್ಮ ಮನೆಗೆ ಬಂದವರಿಗೆಲ್ಲ ಸಂತರ ಎಡವಟ್ಟಿನ ಕಥೆಯನ್ನೇ ಹೇಳುತ್ತಿದ್ದರು. ಪಕ್ಕದಲ್ಲೇ ಕೂತು ನಾನೂ ನಗುತ್ತಿದ್ದೆ. ನನ್ನ ಕ್ಲಾಸಿನ ಮಕ್ಕಳು ತಪ್ಪು ಲೆಕ್ಕ ಮಾಡಿದರೆ ಕೆಂಪು ಶಾಯಿಯಲ್ಲಿ ಗೀಚುವವಳಾದರೂ, ಆ ತೊಂಬತ್ತೆಂಟು ನನ್ನದು ಎಂದು ಅಮ್ಮನಿಗೆ ಹೇಳಲು ಅವರು ಸಾಯುವವರೆಗೂ ನನ್ನಿಂದಾಗಲಿಲ್ಲ.