ಗಂಡು ಮೀನು ಮೊಟ್ಟೆ ಇಟ್ಟಿತು

ಹೋದ ತಿಂಗಳು ನನಗೊಂದು ಕಾರ್ಡು ಬಂತು. ಚನ್ನರಾಯಪಟ್ಟಣದಿಂದ. ಇದ್ದದ್ದು ಮೂರೇ ಸಾಲು.

‘ಮೇಷ್ಟ್ರಿಗೆ ನಮಸ್ಕಾರ. ನಿಮ್ಮ ಎರಡು ಹೆಣ್ಣೂ ಇಲ್ಲಿ ಹೊಡೆದಾಡಿಕೊಂಡು ಒಂದು ಸಾಯುವ ಸ್ಥಿತಿಗೆ ಬಂದಿದೆ. ಕಾರ್ಡು ಕಂಡ ಕೂಡಲೇ ಹೊರಟು ಬನ್ನಿ.’

ಕಾರ್ಡಿನ ಸಂಗತಿ ನಿಮಗೆ ಗೊತ್ತಲ್ಲ? ಅದು ನನ್ನ ಕೈಗೆ ಬರುವ ಮೊದಲೇ ಹೊಳೆನರಸೀಪುರದ ಅರ್ಧ ಪೇಟೆ ಓದಿ ಮುಗಿಸಿತ್ತು. ಪೋಸ್ಟ್‌ಮನ್ ಸಿದ್ದಯ್ಯ ಅದನ್ನು ಕೊಡುವಾಗ ನನ್ನ ಮುಖವನ್ನು ಅದೇ ಮೊದಲ ಸಲ ನೋಡುವವನಂತೆ ನೋಡಿದ.

“ಸಾ, ತಪ್ಪು ತಿಳ್ಕಬ್ಯಾಡಿ. ಚನ್ರಾಯಪಟ್ಣದಾಗೂ ನಿಮ್ಗೆ ಸಂಸಾರ ಐತೆ ಅಂತ ನಂಗೆ ಗೊತ್ತೇ ಇರ್ನಿಲ್ಲ. ಅದೂ ಎಲ್ಡು!”

ಅದು ಮೀನಪ್ಪಾ ಅಂದೆ. ನಂಬಲಿಲ್ಲ. “ಓಗ್ಲಿ ಬುಡಿ ಸಾ, ನಾ ಯಾರ್ಗೂ ಏಳಾಕಿಲ್ಲ” ಎಂದು ಸೈಕಲ್ ಹತ್ತಿದ. (ಹೇಳುವುದಕ್ಕೆ ಇನ್ನು ಯಾರು ಉಳಿದಿದ್ದರೋ!)

ಮಧ್ಯಾಹ್ನ ಹೆಡ್‌ಮಾಸ್ಟರು ತಮ್ಮ ರೂಮಿಗೆ ಕರೆಸಿ ಬಾಗಿಲು ಮುಂದಕ್ಕೆಳೆದರು.

“ನಿಮ್ಮ ಸ್ವಂತ ವಿಚಾರ ನಾನು ಕೇಳಬಾರದು. ಆದರೆ ನೀವು ಮಕ್ಕಳಿಗೆ ಪಾಠ ಹೇಳೋರು. ಯಾರ್ರೀ ಅವರಿಬ್ಬರು?”

“ಮೀನು ಸಾರ್.”

“ಮೀನಾ? ಸರಿ. ಇನ್ನೊಬ್ಬಳ ಹೆಸರು?”

ಇಷ್ಟಾದ ಮೇಲೆ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯದೆ ನನಗೆ ಬೇರೆ ದಾರಿಯಿಲ್ಲ. ಬರೆದರೆ ಮಾನ ಉಳಿಯುತ್ತದೆಯೇ? ಅದೂ ಇಲ್ಲ. ಯಾಕೆಂದರೆ ಎಡವಟ್ಟು ಶುರುವಾದದ್ದೇ ನಾನು ಪತ್ರಿಕೆಗೆ ಬರೆಯುವ ಈ ಅಂಕಣದಿಂದ.

ಎರಡು ವರ್ಷದ ಹಿಂದೆ ಟ್ರೇನಿಂಗಿಗೆಂದು ಬೆಂಗಳೂರಿಗೆ ಹೋಗಿದ್ದಾಗ ಕಾಲೇಜಿನ ಗೆಳೆಯನೊಬ್ಬ ನನಗೆ ಗಾಜಿನ ತೊಟ್ಟಿಯಲ್ಲಿ ಸಾಕುವ ಒಂದು ಜೋಡಿ ಮೀನು ಕೊಟ್ಟ. ಸಿಕ್ಲಿಡ್ ಎಂಬ ಜಾತಿ. ಬೂದು ಮೈ, ಅದರ ಮೇಲೆ ಕಪ್ಪು ಪಟ್ಟೆ. (ಇಂಗ್ಲಿಷ್ ಸ್ಪೆಲ್ಲಿಂಗ್ ನಂಬಿಕೊಂಡು ಎರಡು ತಿಂಗಳು ಎಸ್.ಎಸ್.ಎಲ್.ಸಿ. ಹುಡುಗರಿಗೆ ‘ಸಿಚ್ಲಿಡ್’ ಎಂದೇ ಹೇಳಿಕೊಟ್ಟೆ.) “ಹುಷಾರು, ಬಹಳ ಜಗಳಗಂಟ ಮೀನು” ಅಂದ. ಗಂಡು ಯಾವುದು, ಹೆಣ್ಣು ಯಾವುದು ಅಂತ ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಸೈನ್ಸ್ ಮೇಷ್ಟ್ರು ಅದನ್ನೆಲ್ಲ ಕೇಳುವುದುಂಟೇ?

ಫೋಟೋಗೆ ಕಟ್ಟು ಹಾಕುವವನನ್ನು ಹಿಡಿದು ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ತೊಟ್ಟಿ ಮಾಡಿಸಿದೆ. ಒಂದು ವಾರ ಸೋರಿತು. ಆಮೇಲೆ ನಿಂತಿತು. ಮೀನು ಬಿಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ.

ಒಂದು ಮೀನು ದೊಡ್ಡದು. ಬಣ್ಣವೇನೂ ಇಲ್ಲ; ಬೆನ್ನಿನ ರೆಕ್ಕೆ, ಹೊಟ್ಟೆಯ ಕೆಳಗಿನ ರೆಕ್ಕೆ ಎರಡೂ ಹಿಂದಕ್ಕೆ ಚೂಪಾಗಿ ಎಳೆದ ಹಾಗಿದ್ದವು. ಇನ್ನೊಂದು ಚಿಕ್ಕದು. ಆದರೆ ಅದರ ಹೊಟ್ಟೆಯ ಮೇಲೆ ಸೊಗಸಾದ ಕಿತ್ತಳೆ ಬಣ್ಣ. ನವಿಲಿನಲ್ಲಿ ಬಣ್ಣ ಯಾರಿಗೆ? ಗಂಡಿಗೆ. ಕೋಳಿಯಲ್ಲಿ? ಹುಂಜಕ್ಕೆ. ಹಾಗಾದರೆ ಕಿತ್ತಳೆ ಹೊಟ್ಟೆಯದು ಗಂಡು. ತೀರ್ಮಾನಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದೆನೇ? ಇದೇ ಅಂಕಣದಲ್ಲಿ ಬರೆದೆ. ದೊಡ್ಡ ಗಾತ್ರದ ಹೆಂಡತಿ ಬಣ್ಣದ ಗಂಡನನ್ನು ತೊಟ್ಟಿಯ ತುಂಬ ಅಟ್ಟಿಸಿಕೊಂಡು ಹೋಗುವುದನ್ನು ವರ್ಣಿಸಿ, ಸಂಸಾರಸ್ಥರ ಮೇಲೆ ನಾಲ್ಕು ಬುದ್ಧಿಮಾತು ಸೇರಿಸಿದೆ. ಅರಕಲಗೂಡಿನ ಓದುಗರೊಬ್ಬರು ‘ನಮ್ಮ ಮನೆಯ ಕಥೆಯನ್ನೇ ಬರೆದಿದ್ದೀರಿ’ ಎಂದು ಕಾಗದ ಹಾಕಿದರು. ಅದನ್ನು ನನ್ನ ಹೆಂಡತಿ ಶಾರದೆಗೆ ಎರಡು ಸಲ ಓದಿ ಹೇಳಿದೆ.

ಆ ಜೋಡಿ, ನಾನು ಹೇಮಾವತಿಯಿಂದ ಹಿಡಿದು ತಂದು ಬಿಟ್ಟಿದ್ದ ನಾಲ್ಕು ಬಡಪಾಯಿ ಮೀನುಗಳನ್ನು ವಾರದೊಳಗೆ ಕೊಂದು ಹಾಕಿತು. ಆಮೇಲೆ ತೊಟ್ಟಿಯಲ್ಲಿ ಮಲಗಿಸಿದ್ದ ಮಣ್ಣಿನ ಕುಂಡದೊಳಗೆ ಮೊಟ್ಟೆ ಕಾಣಿಸಿತು. ಕಿತ್ತಳೆ ಹೊಟ್ಟೆಯದು ಮೊಟ್ಟೆಗಳನ್ನು ಬಿಟ್ಟು ಕದಲದೆ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ಎಂಥ ಜವಾಬ್ದಾರಿಯುಳ್ಳ ತಂದೆ! ಅದನ್ನೂ ಬರೆದೆ.

ಮರಿಗಳು ದೊಡ್ಡವಾದವು. ಅಷ್ಟರಲ್ಲಿ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ರುದ್ರಪ್ಪನವರಿಂದ ಕಾಗದ ಬಂತು. ಈ ಅಂಕಣದ ಹಳೆಯ ಓದುಗರು. ಕಾಯಿ ತುಂಬಿದ ಗಾಡಿಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡು ಮಂಚ ಹಿಡಿದಿದ್ದರು. ಮೂರು ತಿಂಗಳು ಅಲ್ಲಾಡಬಾರದು ಎಂದಿದ್ದರಂತೆ ಡಾಕ್ಟರು. ಪಕ್ಕದಲ್ಲಿ ಒಂದು ತೊಟ್ಟಿ ಇಟ್ಟುಕೊಂಡು ಮೀನು ನೋಡುತ್ತ ಕಾಲ ಕಳೆಯುವ ಆಸೆ ಅವರಿಗೆ. ನಾನೇ ಹೋದೆ. ಗಡಿಗೆಯಲ್ಲಿ ಮೂರು ಮೀನು ಒಯ್ದೆ.

“ಗಲಾಟೆ ಬ್ಯಾಡ ಮೇಷ್ಟ್ರೇ, ತೊಟ್ಟಿಗೆ ಎಲ್ಡೂ ಹೆಣ್ಣೇ ಬುಡಿ” ಅಂದರು ರುದ್ರಪ್ಪ.

ಬಾಗಿಲಲ್ಲಿ ನಿಂತಿದ್ದ ಅವರ ಹಿರಿಸೊಸೆ ಗಂಗಮ್ಮ, “ಎಲ್ಡು ಹೆಣ್ಣಿದ್ರೆ ಗಲಾಟೆ ಇರಾಕಿಲ್ಲ ಅಂದೋರು ಯಾರು ಮಾವಾರೇ?” ಅಂದಳು.

ನಾನು ಇಬ್ಬರಿಗೂ ಸೇರಿಸಿ ಹತ್ತು ನಿಮಿಷ ಪಾಠ ಮಾಡಿದೆ. ಬಣ್ಣವಿಲ್ಲದ ಎರಡು ದೊಡ್ಡ ಮೀನನ್ನು ತೊಟ್ಟಿಗೆ ಬಿಟ್ಟೆ. ಕಿತ್ತಳೆ ಹೊಟ್ಟೆಯ ಒಂದನ್ನು ಪೆಪ್ಪರ್‌ಮೆಂಟಿನ ದೊಡ್ಡ ಗಾಜಿನ ಬಾಟಲಿಯಲ್ಲಿ ಹಾಕಿ, “ಇದು ಗಂಡು. ಬೇರೆ ಇರಲಿ. ಮರಿ ಬೇಕು ಅನ್ನಿಸಿದಾಗ ಸೇರಿಸಿ” ಎಂದು ಹೇಳಿ, ಕಾಫಿ ಕುಡಿದು ಬಂದೆ.

ಮೂರು ವಾರಕ್ಕೆ ಬಂದದ್ದೇ ಆ ಕಾರ್ಡು.

ಮಾರನೆಯ ದಿನ ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಬಸ್ ಹತ್ತಿದೆ. ಪರಿಚಯದ ಕಂಡಕ್ಟರು ಎಲ್ಲಿಗೆ ಎಂದು ಕೇಳದೆ ಟಿಕೀಟು ಹರಿದ.

ರುದ್ರಪ್ಪನವರ ಮನೆಯಲ್ಲಿ ನಗುವ ವಿಷಯ ಏನೂ ಇರಲಿಲ್ಲ. ತೊಟ್ಟಿಯ ಒಂದು ಮೂಲೆಯಲ್ಲಿ, ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡ ಹಾಗೆ ಒಂದು ಮೀನು ಓರೆಯಾಗಿ ನಿಂತಿತ್ತು. ಬಾಲ ಚಿಂದಿ. ಒಂದು ಪಕ್ಕೆಯಲ್ಲಿ ಹುರುಪೆ ಎದ್ದುಹೋಗಿ ಮಾಂಸ ಕಾಣುತ್ತಿತ್ತು. ಇನ್ನೊಂದು ಮೀನು ತೊಟ್ಟಿಯ ಉದ್ದಕ್ಕೂ ಓಡಾಡುತ್ತ, ಅದು ಒಂದಂಗುಲ ಕೆಳಗಿಳಿದರೆ ಸಾಕು, ಬಾಣದ ಹಾಗೆ ಬಂದು ಗುದ್ದುತ್ತಿತ್ತು.

“ಬೆಳಿಗ್ಗೆಯಿಂದ ಸಂಜೆಗಂಟ ಇದ್ನೇ ನೋಡ್ಕಂಡು ಬಿದ್ದಿವ್ನಿ ಮೇಷ್ಟ್ರೇ” ಅಂದರು ರುದ್ರಪ್ಪ. “ಅದ್ಕೆ ಓಡೋಗಾಕೆ ಜಾಗಿಲ್ಲ. ನಂಗೆ ಎದ್ದು ಬುಡಿಸಾಕೆ ಕಾಲಿಲ್ಲ. ಕೋಲಿನಲ್ಲಿ ಗಾಜು ಬಡ್ದೆ, ಬೈದೆ. ಕೇಳ್ಬೇಕಲ್ಲ?” ಅವರ ಕಣ್ಣು ಒದ್ದೆಯಾಗಿತ್ತು. ಸಮಯ ಕಳೆಯಲಿ ಎಂದು ಕೊಟ್ಟ ಮೀನು ಆ ಮನುಷ್ಯನನ್ನು ಕಾಲುನೋವಿಗಿಂತ ಹೆಚ್ಚು ನೋಯಿಸಿತ್ತು.

ನನಗೆ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ? “ಹೆಣ್ಣುಗಳಲ್ಲಿ ಹೀಗಾಗೋದು ಬಹಳ ಅಪರೂಪ” ಅಂದೆ.

ಕಿಟಕಿಯ ಹತ್ತಿರದಿಂದ ಗಂಗಮ್ಮನ ದನಿ ಬಂತು. “ಅದಿರ್ಲಿ ಮೇಷ್ಟ್ರೇ, ವಸಿ ಇಲ್ಲಿ ಬನ್ನಿ. ನಿಮ್ಮ ಗಂಡು ಮೊಟ್ಟೆ ಇಟ್ಟೈತೆ.”

ಹೋಗಿ ನೋಡಿದೆ. ಬಾಟಲಿಯ ಒಳಗೋಡೆಗೆ ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಸಾಲುಸಾಲಾಗಿ ಅಂಟಿದ್ದವು. ಕಿತ್ತಳೆ ಹೊಟ್ಟೆಯದು ಅವುಗಳ ಮುಂದೆ ಕಾವಲು ನಿಂತಿತ್ತು. ಒಂಟಿಯಾಗಿತ್ತಲ್ಲ, ಮರಿಯಾಗದ ಮೊಟ್ಟೆ. ಆದರೆ ಮೊಟ್ಟೆ ಮೊಟ್ಟೆಯೇ.

“ಕೆಲವು ಜಾತಿಗಳಲ್ಲಿ...” ಎಂದು ಶುರು ಮಾಡಿದೆ.

“ನಾನು ಸೈನ್ಸು ಓದಿಲ್ಲ. ಮೊಟ್ಟೆ ಇಡೋದು ಹೆಣ್ಣು ಅಂತ ಮಾತ್ರ ಗೊತ್ತು” ಅಂದಳು ಗಂಗಮ್ಮ. “ಇದು ಹೆಣ್ಣಾದ್ರೆ, ಅಲ್ಲಿ ಕಿತ್ತಾಡ್ತಾ ಅವಲ್ಲ, ಅವೆಲ್ಡೂ ಏನು?”

ರುದ್ರಪ್ಪ ನಗಲು ಶುರು ಮಾಡಿದರು. ನಕ್ಕರೆ ಕಾಲು ನೋಯುತ್ತದೆ, ನೋವಾದರೂ ನಗು ನಿಲ್ಲದು. ತೊಡೆ ಹಿಡಿದುಕೊಂಡು ನಕ್ಕರು. ನನಗೂ ನಗದೆ ಗತಿಯಿರಲಿಲ್ಲ.

ಗಾತ್ರ ದೊಡ್ಡದು, ರೆಕ್ಕೆ ಚೂಪು: ಗಂಡು. ಗಾತ್ರ ಚಿಕ್ಕದು, ಹೊಟ್ಟೆಯಲ್ಲಿ ಬಣ್ಣ: ಹೆಣ್ಣು. ನವಿಲೂ ಇಲ್ಲ, ಹುಂಜವೂ ಇಲ್ಲ. ಎರಡು ಗಂಡನ್ನು ಮೊಳದುದ್ದದ ತೊಟ್ಟಿಯಲ್ಲಿ ಕೂಡಿಹಾಕಿ, ಶಾಂತಿಯಿಂದ ಇರುತ್ತವೆ ಎಂದು ಪಾಠ ಮಾಡಿ, ಕಾಫಿ ಕುಡಿದು ಹೋದವನು ನಾನು.

ಗಾಯದ ಮೀನನ್ನು ಮೆಲ್ಲಗೆ ಎತ್ತಿ ಗಡಿಗೆಗೆ ಬಿಟ್ಟು, ಚಿಟಿಕೆ ಉಪ್ಪು ಹಾಕಿದೆವು. ಉಳಿದ ಗಂಡಿನ ಜೊತೆಗೆ ಹೆಣ್ಣನ್ನು ಬಿಡಬೇಕು. ಏಕಾಏಕಿ ಬಿಟ್ಟರೆ ಅದನ್ನೂ ಗುದ್ದಿ ಕೊಂದೀತು. ತೊಟ್ಟಿಯ ನಡುವೆ ಒಂದು ಗಾಜು ಇದ್ದಿದ್ದರೆ ಅಂದೆ. ರುದ್ರಪ್ಪ ಗೋಡೆಯ ಮೇಲಿದ್ದ, ರುಮಾಲು ಸುತ್ತಿಕೊಂಡು ತೆಗೆಸಿದ ತಮ್ಮದೇ ದೊಡ್ಡ ಫೋಟೋ ತೋರಿಸಿ, “ಅದ್ರ ಗಾಜು ಬಿಚ್ಚಿ. ನಾನು ಕಾಣ್ದಿದ್ರೆ ಯಾರೂ ಅಳಾಕಿಲ್ಲ” ಅಂದರು.

ಗಾಜು ಸರಿಯಾಗಿ ಕೂತಿತು. ಆಚೆ ಗಂಡು, ಈಚೆ ಹೆಣ್ಣು. ಈ ಮೀನು ಜಗಳವಾಡುವುದು ಜಾಗಕ್ಕೆ. ಅದಕ್ಕೇ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ಬೇರೆ ಕಡೆ ಇಟ್ಟೆವು. ಇದು ನನ್ನದು ಎಂದುಕೊಂಡಿದ್ದ ಮೂಲೆ ಯಾವುದೆಂದೇ ಗಂಡಿಗೆ ತಿಳಿಯದ ಹಾಗೆ. ಹೆಣ್ಣಿಗೆ ಅಡಗಿಕೊಳ್ಳಲು ಗಂಗಮ್ಮ ಎರಡು ತೆಂಗಿನ ಚಿಪ್ಪಿಗೆ ಬಾಗಿಲು ಕೊರೆದು ಬೋರಲು ಹಾಕಿದಳು. ಗಂಡು ಗಾಜಿಗೆ ನಾಲ್ಕು ಸಲ ಗುದ್ದಿತು. ಆಮೇಲೆ ಮಂಕಾಗಿ ಹೊಸ ಕಲ್ಲುಗಳನ್ನು ಮೂಸುತ್ತ ಸುತ್ತಾಡತೊಡಗಿತು.

ಹತ್ತು ದಿನ ಬಿಟ್ಟು ಗಾಜು ತೆಗೆದರಂತೆ. ಮೊನ್ನೆ ಇನ್ನೊಂದು ಕಾರ್ಡು ಬಂತು. ‘ಒಂದೆರಡು ದಿನ ಅಟ್ಟಾಡಿಸಿ, ಈಗ ಹೊಂದಿಕೊಂಡಿವೆ. ಚಿಪ್ಪಿನೊಳಗೆ ಮೊಟ್ಟೆ ಇದೆ. ನಾನು ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತೇನೆ. ತಾಯಿ ಯಾರು ತಂದೆ ಯಾರು ಎಂದು ತಾವು ತಿಳಿಸುವ ತೊಂದರೆ ತೆಗೆದುಕೊಳ್ಳುವುದು ಬೇಡ.’

ಗಾಯದ ಮೀನನ್ನು ಅಂದು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಮನೆಗೆ ತಂದಿದ್ದೆ. ಶಾರದೆ ನೀರು ಬದಲಾಯಿಸಿ, ನಾಲ್ಕು ವಾರ ಅದನ್ನು ನೋಡಿಕೊಂಡಳು. ಈಗ ಬಾಲ ಚಿಗುರಿದೆ. ಮೊದಲ ದಿನವೇ ನಡೆದದ್ದನ್ನೆಲ್ಲ ಹೇಳಿ, ಕಿತ್ತಳೆ ಹೊಟ್ಟೆಯದು ಹೆಣ್ಣಂತೆ ಕಣೇ ಅಂದಿದ್ದೆ.

“ಗೊತ್ತು” ಅಂದಳು. “ಹೋದ ವರ್ಷ ಕುಂಡದೊಳಗೆ ಅದು ಮೊಟ್ಟೆ ಇಡ್ತಾ ಇದ್ದಿದ್ದನ್ನ ಕೂತು ನೋಡಿದ್ದೆನಲ್ಲ.”

“ಮತ್ತೆ ನನಗೆ ಹೇಳಬಾರದಾಗಿತ್ತೇ?”

“ಹೇಳೋಣ ಅಂತಲೇ ಬಂದೆ. ನೀವಾಗಲೇ ಪತ್ರಿಕೆಗೆ ಬರೆದು ಕಳಿಸಿಬಿಟ್ಟಿದ್ರಿ.”

ಹೀಗೆ ಹೇಳಲು ಬಂದು ಹೇಳದೆ ಹೋದ ಸಂಗತಿ ಇನ್ನೆಷ್ಟಿವೆ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.