ಸರ್ಕಾರದ ಬೆರಳು

ಬೆಳಗ್ಗೆ ಎದ್ದು ಕೊಟ್ಟಿಗೆ ಗುಡಿಸಿದೆ. ಹಾಲು ಕರೆದು ಡೈರಿಗೆ ಕಳಿಸಿದೆ. ನಿನ್ನೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹುರುಳಿಕಾಳು ಮೊಳಕೆ ಬಂದಿದೆಯೇ ಎಂದು ಗಂಟು ಬಿಚ್ಚಿ ನೋಡಿ, ಇನ್ನಷ್ಟು ನೀರು ಚಿಮುಕಿಸಿ ಮತ್ತೆ ಕಟ್ಟಿದೆ. ಏಣಿ ಹತ್ತಿ ಅಟ್ಟದ ಮೇಲಿನ ಕಾಯಿ ನೋಡಿದೆ. ನಾಲ್ಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಇನ್ನೂ ನೀರಿನ ಸದ್ದು. ಕೊಬ್ಬರಿಯಾಗಲು ತಿಂಗಳುಗಳು ಬೇಕು. ಇಳಿದು ಬಂದು ಕೈ ತೊಳೆದು, ಬಿಸ್ಕತ್ತಿನ ಡಬ್ಬದಿಂದ ರೇಷನ್ ಕಾರ್ಡು ತೆಗೆದುಕೊಂಡು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತೆ. ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ಮತ್ತೊಮ್ಮೆ ಬೆರಳು ಕೊಟ್ಟು, ತಾವು ತಾವೇ ಎಂದು ತೋರಿಸಬೇಕಂತೆ. ಕೊಡದವರ ಹೆಸರು ತೆಗೆಯುತ್ತಾರಂತೆ.

ನನ್ನ ಹೆಬ್ಬೆರಳು ಗಾಜಿಗೆ ತಾಗಿತೋ ಇಲ್ಲವೋ, ಮಿಷನ್ನು ಕೀಂಯ್ ಎಂದು ಒಪ್ಪಿಕೊಂಡಿತು. “ನಿಮ್ದು ಒಂದೇ ಸಲಕ್ಕೆ ಬತ್ತದೆ ನೋಡಕ್ಕ. ಎಲ್ರದೂ ಹಿಂಗೇ ಇದ್ದಿದ್ರೆ ನಾನು ಹೊತ್ತಿಗೆ ಸರಿಯಾಗಿ ಊಟಕ್ಕೆ ಹೋಗ್ತಿದ್ದೆ” ಎಂದ ಅಂಗಡಿಯ ನಂಜುಂಡ. ಹೊಗಳಿದ್ದಾನೆ ಎಂದುಕೊಂಡು ನಕ್ಕೆ. ನಗುತ್ತಾ ತಲೆ ಎತ್ತಿದರೆ ಅವನ ಹಿಂದಿನ ಗೋಡೆಯಲ್ಲಿ ಆ ಹಳೆಯ ಚೀಟಿ ಇನ್ನೂ ಇದೆ. ಮೂಲೆ ಹರಿದು, ಬಣ್ಣ ಹಳದಿಯಾಗಿದೆ. ಅಕ್ಷರ ಮಾತ್ರ ಸ್ಪಷ್ಟ: “ಕೊಬ್ಬರಿ ಎಣ್ಣೆ ಹಚ್ಚಿದ ಬೆರಳನ್ನು ಮಿಷನ್ನಿಗೆ ಇಡಬಾರದು.”

ಆ ಚೀಟಿ ಗೋಡೆ ಹತ್ತಲು ಕಾರಣ ನಾನು. ಹೇಳುತ್ತೇನೆ, ಸ್ವಲ್ಪ ತಾಳಿ.

ನಮ್ಮ ಮನೆಯ ಕೊಬ್ಬರಿ ಕೆಲಸಕ್ಕೆ ಮೊದಲಿನಿಂದ ಬರುವವಳು ಕೆಂಪಕ್ಕ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ಅಂಗಳದಲ್ಲಿ ಕಾಯಿಯ ರಾಶಿಯ ಮುಂದೆ ಕೂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೈ ಬಲು ಮೆತ್ತಗದೆ. ಮಚ್ಚು ಹಿಡಿಯೋ ಕೈಯಲ್ಲ ಬುಡು” ಎಂದು ತೀರ್ಪು ಕೊಟ್ಟವಳು. ಆ ತೀರ್ಪು ಇವತ್ತಿನವರೆಗೂ ಬದಲಾಗಿಲ್ಲ.

ಈ ಸೀಮೆಯ ಉಂಡೆ ಕೊಬ್ಬರಿಯನ್ನು ನೀವು ಅಂಗಡಿಯಲ್ಲಿ ನೋಡಿರುತ್ತೀರಿ. ಅದು ಆ ಆಕಾರಕ್ಕೆ ಬರುವ ಬಗೆ ನೋಡಿರಲಾರಿರಿ. ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಕೂತಿರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಮಚ್ಚಿನ ಹಿಂಬದಿಯಿಂದ ಚಿಪ್ಪನ್ನು ಸುತ್ತ ತಟ್ಟಿ ಬಿಡಿಸಬೇಕು. ಏಟು ಹೆಚ್ಚಾದರೆ ಒಳಗಿನ ಉಂಡೆ ಎರಡಾಗುತ್ತದೆ, ಎರಡಾದದ್ದಕ್ಕೆ ರೇಟಿಲ್ಲ. ಎಡಗೈ ಬೆರಳುಗಳು ಕಾಯನ್ನು ತಿರುಗಿಸುತ್ತಲೇ ಇರಬೇಕು. ಬಂದ ಉಂಡೆಯನ್ನು ಗೋಣಿಯ ತುಂಡಿನಲ್ಲಿ ಹೆಬ್ಬೆರಳು ಒತ್ತಿ ಉಜ್ಜಬೇಕು. ಕೆಂಪಕ್ಕ ಈ ಕೆಲಸವನ್ನು ಲಂಗ ಉಡುವ ಕಾಲದಿಂದ ಮಾಡುತ್ತಿದ್ದಾಳೆ. ಅವಳ ಬೆರಳಿನ ತುದಿ ಮುಟ್ಟಿದರೆ ಹೊಳೆಯ ಕಲ್ಲು ಮುಟ್ಟಿದ ಹಾಗೆ. ನುಣ್ಣಗೆ, ಗಟ್ಟಿಯಾಗಿ, ಒಂದು ಗೆರೆಯೂ ಇಲ್ಲದೆ.

ಆ ಬೆರಳಿಗೆ ನಾಲ್ಕೈದು ವರ್ಷದ ಹಿಂದೆ ಪರೀಕ್ಷೆ ಬಂತು. ತಿಂಗಳ ಕೊನೆಯೊಳಗೆ ಬೆರಳಚ್ಚು ಕೊಡದಿದ್ದರೆ ಕಾರ್ಡಿನಿಂದ ಹೆಸರು ಹೋಗುತ್ತದೆ ಎಂದು ಟಾಂ ಟಾಂ ಆಯಿತು. ಕೆಂಪಕ್ಕನ ಕಾರ್ಡಿನಲ್ಲಿ ಇದ್ದದ್ದು ಎರಡೇ ಹೆಸರು: ಅವಳದು, ತಾಯಿಯಿಲ್ಲದ ಮೊಮ್ಮಗಳು ಚಂದ್ರಿಯದು. ಹೋಗುವುದು ಅಕ್ಕಿಯೊಂದೇ ಅಲ್ಲ. ಆಸ್ಪತ್ರೆಗೆ ಹೋದರೆ ಆ ಕಾರ್ಡು ಕೇಳುತ್ತಾರೆ, ಸ್ಕೂಲಿನಲ್ಲಿ ಕೇಳುತ್ತಾರೆ, ಹೆಂಗಸರಿಗೆ ಏನು ಕೊಡುತ್ತೇವೆಂದು ಯಾರು ಹೇಳಿದರೂ ಮೊದಲು ಕೇಳುವುದು ಅದನ್ನೇ. ಕಾರ್ಡು ಹೋದರೆ ಅಜ್ಜಿ ಮೊಮ್ಮಗಳು ಇಬ್ಬರೂ ಸರ್ಕಾರದ ಪಾಲಿಗೆ ಇಲ್ಲ.

ಹೋದಳು. ಬಲ ಹೆಬ್ಬೆರಳು ಇಟ್ಟಳು, ಆಗಲಿಲ್ಲ. ಎಡದ್ದು, ಆಗಲಿಲ್ಲ. ಸೀರೆಗೆ ಒರೆಸಿ ಇಟ್ಟಳು, ತಲೆಗೂದಲಿಗೆ ಉಜ್ಜಿ ಇಟ್ಟಳು.

“ನಿನ್ನ ಬೆರಳಲ್ಲಿ ಏನೂ ಇಲ್ಲ ಕಣಮ್ಮ, ಸವೆದೋಗದೆ” ಎಂದ ನಂಜುಂಡ.

“ಸವೀದೆ ಇನ್ನೇನ್ಲಾ ಆಯ್ತದೆ? ನಿನ್ ಹಂಗೆ ತಕ್ಕಡಿ ಮುಂದೆ ಕೂತಿದ್ನಾ?”

“ನನ್ ಮೇಲೆ ಯಾಕೆ ರೇಗ್ತೀಯ? ನೀನು ಕೆಂಪಕ್ಕ ಅಂತ ನಂಗೊತ್ತು. ಮಿಷನ್ನಿಗೆ ಗೊತ್ತಾಗಬೇಕಲ್ಲ.”

“ಹುಟ್ಟಿದಾಗಿಂದ ನನ್ನ ನೋಡಿರೋ ನೀನು ಹೇಳಿದ್ರೆ ಆಗಾಕಿಲ್ವಂತಾ ಅದಕ್ಕೆ?”

ಆಗುವುದಿಲ್ಲವಂತೆ. ಬೆರಳು ಬಾರದವರಿಗೆ ಬೇರೆ ದಾರಿ ಇದೆ, ಕಣ್ಣು ತೋರಿಸಬಹುದು ಎಂದು ಯಾರೋ ಹೇಳಿದರು. ಕಣ್ಣು ನೋಡುವ ಪೆಟ್ಟಿಗೆ ರಿಪೇರಿಗೆ ಹೋಗಿದೆ ಎಂದು ಇನ್ಯಾರೋ ಹೇಳಿದರು. ಬಡವರಿಗೆಂದು ಮಾಡಿದ ಬೇರೆ ದಾರಿಗಳೆಲ್ಲ ಯಾವಾಗಲೂ ರಿಪೇರಿಗೇ ಏಕೆ ಹೋಗಿರುತ್ತವೆ, ನೀವೇ ಹೇಳಿ.

ಆಗ ನಾನು ಜಾಣತನ ತೋರಿಸಿದೆ. “ಎಂಟು ದಿನ ಮಚ್ಚು ಮುಟ್ಟಬೇಡ ಕೆಂಪಕ್ಕ. ದಿನಾ ಎರಡು ಹೊತ್ತು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕು. ಚರ್ಮ ಮೆತ್ತಗಾಗಿ ಗೆರೆ ಏಳುತ್ತೆ” ಎಂದೆ. ಒಡೆದ ಹಿಮ್ಮಡಿಗೆ ನಾನು ಮಾಡುತ್ತಿದ್ದ ಮದ್ದು ಅದು. ಹಿಮ್ಮಡಿಗೆ ಆದದ್ದು ಹೆಬ್ಬೆರಳಿಗೆ ಆಗದೇ ಇರುತ್ತದೆಯೇ?

“ಎಂಟು ದಿನ ಸುಮ್ಕೆ ಕೂತ್ರೆ ಒಲೆ ಉರೀಬೇಕಲ್ಲವ್ವ” ಎಂದಳು. ನಾನು, “ಕಾರ್ಡು ಉಳೀಬೇಕೋ ಬೇಡವೋ?” ಎಂದು ಗದರಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಇನ್ನೇನೋ ಮಾತು ಬರುತ್ತದೆ ಎಂದು ಕಾದ ಹಾಗಿತ್ತು. ನಾನು ಎಣ್ಣೆಯ ಸೀಸೆ ತಂದುಕೊಟ್ಟೆ.

ನಮ್ಮೂರಿನಲ್ಲಿ ಮದ್ದಿನ ಸುದ್ದಿ ಒಂದು ಮನೆಯಲ್ಲಿ ನಿಲ್ಲುತ್ತದೆಯೇ? ಕೊನೆಯ ದಿನ ಸಾಲಿನಲ್ಲಿ ನಿಂತವರೆಲ್ಲರ ಬೆರಳೂ ಮಿರಮಿರ ಮಿಂಚುತ್ತಿತ್ತು. ಗಾಣದ ಎಣ್ಣೆಗೇನು ಕಮ್ಮಿ ಈ ಸೀಮೆಯಲ್ಲಿ? ಸಾಲಿನಲ್ಲೇ ಸೀಸೆಯೊಂದು ಕೈಯಿಂದ ಕೈಗೆ ದಾಟುತ್ತಿತ್ತು. ಹತ್ತನೆಯವರು ಬೆರಳಿಡುವಷ್ಟರಲ್ಲಿ ಗಾಜು ಬಜ್ಜಿ ಕರಿದ ಬಾಣಲೆಯಾಗಿ, ಮಿಷನ್ನು ಯಾರನ್ನೂ ಗುರುತಿಸಲಾರೆ ಎಂದು ಕೂತಿತು. ಹೈಸ್ಕೂಲು ಮೇಷ್ಟರ ಬೆರಳಿಗೂ ಇಲ್ಲವೆಂದಿತು! “ಯಾರ್ರೀ ಇದನ್ನ ಹೇಳ್ಕೊಟ್ಟೋರು?” ಎಂದು ನಂಜುಂಡ ತಲೆ ಚಚ್ಚಿಕೊಂಡ. ನಾನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು ಹೊಂಗೆಮರದ ಕಡೆ ನೋಡಿದೆ. “ಅವ್ವ, ಹೊಂಗೆ ಹೂ ಬುಟ್ಟದಾ?” ಎಂದಳು ಕೆಂಪಕ್ಕ, ಎಲ್ಲರಿಗೂ ಕೇಳುವ ಹಾಗೆ.

ಸೋಪು, ಬಟ್ಟೆ, ವಿಭೂತಿ ಏನೇನೋ ಹಾಕಿ ಒರೆಸಿ, ಮಿಷನ್ನಿಗೆ ಬುದ್ಧಿ ಬರುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಕೆಂಪಕ್ಕನ ಸರದಿ. ಎಂಟು ದಿನ ಕೆಲಸ ಬಿಟ್ಟ ಹೆಬ್ಬೆರಳು, ಇಲ್ಲ. ಒಂದು ಆಯಸ್ಸು ಸವೆದದ್ದು ಎಂಟು ದಿನಕ್ಕೆ ಬೆಳೆಯುತ್ತದೆಯೇ? ಒಂದೊಂದಾಗಿ ಬಲಗೈಯ ಐದೂ ಇಟ್ಟಳು. ಎಡಗೈಯ ನಾಲ್ಕು ಇಟ್ಟಳು. ಒಂಬತ್ತು ಸಲ ಇಲ್ಲ. ಸೆರಗು ಹಿಡಿದು ನಿಂತಿದ್ದ ಚಂದ್ರಿ ಬೆರಳು ಮಡಚಿ ಎಣಿಸುತ್ತಿದ್ದಳು. “ಅಜ್ಜಿ, ಇನ್ನೊಂದದೆ” ಎಂದಳು.

ಆ ಇನ್ನೊಂದು, ಎಡಗೈಯ ಕಿರುಬೆರಳು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ, ಮಡಚಿಕೊಂಡು ಅಂಗೈಗೆ ಅಂಟಿಕೊಂಡಂತೆ ಉಳಿದದ್ದು. ಕಾಯಿ ಹಿಡಿಯಲು ಬಾರದು, ಮುದ್ದೆ ಕಟ್ಟಲು ಬಾರದು. ಆಧಾರ್ ಮಾಡಿಸುವಾಗ ಅದನ್ನೂ ಎಳೆದು ಒತ್ತಿಸಿಕೊಂಡಿದ್ದರು. ಕೆಂಪಕ್ಕ ಬಲಗೈಯಲ್ಲಿ ಅದನ್ನು ಬಿಡಿಸಿ, ನೋವಿಗೆ ತುಟಿ ಕಚ್ಚಿ, ಗಾಜಿಗೆ ಒತ್ತಿದಳು.

ಕೀಂಯ್ ಎಂದಿತು.

ಸಾಲಿನವರೆಲ್ಲ ಹೋ ಎಂದರು. ಕೆಂಪಕ್ಕ ಬೆರಳನ್ನು ಕಣ್ಣ ಮುಂದೆ ಹಿಡಿದು, “ನೋಡ್ದಾ ಕಳ್ಳ! ಒಂದಿನ ಒಂದ್ ಕೆಲ್ಸ ಮಾಡಿದೋನಲ್ಲ. ನಿಂದೇ ಬೇಕಾಯ್ತು ಸರ್ಕಾರಕ್ಕೆ!” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ನಡೆದು ಬರುವಾಗ ಮಾತ್ರ ಆ ಬೆರಳುಗಳನ್ನು ಎಣಿಸುತ್ತಾ ಬಂದೆ. ದುಡಿದ ಒಂಬತ್ತು ಬೆರಳು ಲೆಕ್ಕಕ್ಕಿಲ್ಲ. ದುಡಿಯದ ಒಂದಕ್ಕೆ ಅಕ್ಕಿ. ದುಡಿಯುವವರಿಗೆ ಅನ್ನ ಕೊಡುತ್ತೇವೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಅಷ್ಟುದ್ದದ ಬೋರ್ಡು ಕಟ್ಟುತ್ತಾರೆ. ದುಡಿದದ್ದಕ್ಕೆ ಕೈಯೇ ಸಾಕ್ಷಿ ಎಂದು ಆ ಕೈಯನ್ನು ಮುಂದೆ ಹಿಡಿದರೆ, ಇದು ಯಾರದೂ ಅಲ್ಲ ಎನ್ನುತ್ತಾರೆ. ಇಂಥ ಮಿಷನ್ನು ಮಾಡಿದವರು ಒಂದು ದಿನ, ಒಂದೇ ಒಂದು ದಿನ, ನಮ್ಮ ಅಂಗಳದಲ್ಲಿ ಕೂತು ಚಿಪ್ಪು ತಟ್ಟಿದ್ದರೆ ಹೀಗೆ ಮಾಡುತ್ತಿದ್ದರೇ? ಆ ಅಕ್ಕಿಯನ್ನು ದೋಸೆಗೆ ನೆನೆಹಾಕುವ ನನ್ನಂಥವಳ ಬೆರಳಿಗೆ ಒಂದೇ ಸಲಕ್ಕೆ ಬಾಗಿಲು ತೆರೆಯುತ್ತದೆ. ಅದನ್ನೇ ಉಣ್ಣಬೇಕಾದವಳು ಮಡಚಿದ ಬೆರಳನ್ನು ಮುರಿದು ತೋರಿಸಬೇಕು.

ಇಷ್ಟೆಲ್ಲ ಕೋಪವನ್ನು ವರ್ಷಗಳಿಂದ ಸಿಕ್ಕಿದವರ ಮುಂದೆಲ್ಲ ಆಡಿದ್ದೇನೆ. ಮದುವೆಮನೆಯಲ್ಲಿ ಆಡಿದ್ದೇನೆ, ತುರುವೇಕೆರೆ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಆಡಿದ್ದೇನೆ. ಇವತ್ತು ನಂಜುಂಡನ ಹೊಗಳಿಕೆ ಕೇಳಿ, ಆ ಚೀಟಿಯ ಕೆಳಗೆ ನಿಂತಾಗ, ಇಷ್ಟು ವರ್ಷ ಈ ಕಥೆಯಲ್ಲಿ ನಾನು ಬಿಟ್ಟುಬಿಡುತ್ತಿದ್ದ ಒಂದು ಸಾಲು ನೆನಪಾಯಿತು. ಎಂಟು ದಿನ ಕೂತುಕೋ ಎಂದವಳು ನಾನು. ಆ ಎಂಟು ದಿನ ಅವಳು ಬಿಟ್ಟದ್ದು ನಮ್ಮ ಮನೆಯ ಕೆಲಸವನ್ನೇ. ಕೂಲಿ? ಕೊಡಲಿಲ್ಲ. ಕೊಡಬೇಕೆಂದು ಹೊಳೆಯಲೂ ಇಲ್ಲ. ಎಣ್ಣೆ ಕೊಟ್ಟೆನಲ್ಲ ಎಂದುಕೊಂಡಿದ್ದೆ. ಅವತ್ತು ಅವಳು ನನ್ನ ಮುಖ ನೋಡಿ ಕಾದದ್ದು ಯಾವ ಮಾತಿಗೆ ಎಂದು ಗೊತ್ತಾಗಲು ನನಗೆ ಇಷ್ಟು ಕಾಲ ಬೇಕಾಯಿತು.

ಸಂಜೆ ಕೆಂಪಕ್ಕನೇ ಬಂದಳು, ಚಂದ್ರಿಯ ಜೊತೆ. ನಾಳೆ ಬೆಳಗ್ಗೆ ಬೆರಳು ಕೊಡುವ ಸರದಿ ಅವಳದು. ನಮ್ಮ ಮನೆ ಅಂಗಡಿಗೆ ಹತ್ತಿರ, ಇಲ್ಲೇ ಮಲಗಿದ್ದು ಮೊದಲು ಹೋಗಿ ನಿಲ್ಲಬಹುದು ಎಂದು. ಎಡಗೈಯ ಕಿರುಬೆರಳಿಗೆ ಹಳೆಯ ಸೀರೆಯ ಚೂರು ಸುತ್ತಿತ್ತು.

“ಏನಾಯ್ತು ಬೆರಳಿಗೆ?”

“ಏನಾಗಾಕ್ ಬುಟ್ಟೇನಾ? ಇದು ಸರ್ಕಾರದ ಬೆರಳು ಕಣವ್ವ. ನೀರು ಸೋಕಿಸಾಕಿಲ್ಲ, ಬೆಂಕಿ ಸೋಕಿಸಾಕಿಲ್ಲ. ಮೊಮ್ಮಗೀಗಿಂತ ಇದನ್ನ ಜ್ವಾಪಾನ ಮಾಡಿವ್ನಿ.”

ನಮ್ಮ ಯಜಮಾನರು ಜಗಲಿಯಿಂದ, “ಅದಕ್ಕೆ ಪಿಂಚಣಿ ಕೊಡ್ತಾರೇನೋ ಕೇಳೆ ಕೆಂಪಕ್ಕ” ಎಂದರು.

“ಕೇಳ್ತೀನಿ. ನಿಮ್ಮ ಹತ್ತು ಬೆರಳಿಗೂ ಸೇರಿಸೇ ಕೇಳ್ತೀನಿ, ಅವೂ ಹೊಸವಿದ್ದಂಗೇ ಅವೆ” ಎಂದಳು. ಅವರು ಪೇಪರನ್ನು ಮುಖದ ಮುಂದಕ್ಕೆ ಏರಿಸಿಕೊಂಡರು.

ನಾನು ಒಳಗೆ ಹೋಗಿ ಎಂಟು ದಿನದ ಕೂಲಿಯನ್ನು, ಆಗಿನ ದರ ಬಿಟ್ಟು ಈಗಿನ ದರದಲ್ಲಿ, ತಂದು ಅವಳ ಮುಂದೆ ಇಟ್ಟೆ.

“ಇದ್ಯಾವುದವ್ವ?”

“ಅವತ್ತಿಂದು. ಎಣ್ಣೆ ಹಚ್ಕೊಂಡು ಎಂಟು ದಿನ ಕೂತಿದ್ಯಲ್ಲ, ಅದು.”

ಕೆಂಪಕ್ಕ ಬೇಡವೆನ್ನಲಿಲ್ಲ. ಕಣ್ಣೂ ತುಂಬಿಕೊಳ್ಳಲಿಲ್ಲ. ಮರೆತಿರಲೂ ಇಲ್ಲ ಎಂದು ಅವಳು ಅದನ್ನು ತೆಗೆದುಕೊಂಡ ರೀತಿಯಲ್ಲೇ ಗೊತ್ತಾಯಿತು. ಮಡಚಿ ಎಲೆಅಡಿಕೆಯ ಚೀಲಕ್ಕೆ ಹಾಕಿ ದಾರ ಎಳೆದು, “ನಿಮ್ಮನೆ ಮಿಷನ್ನೂ ಬಲೇ ನಿಧಾನ ಕಣವ್ವ” ಎಂದಳು.

ರಾತ್ರಿಗೆ ರಾಗಿಮುದ್ದೆ, ಮೊಳಕೆ ಹುರುಳಿಯ ಸಾರು, ಚಂದ್ರಿಗೆ ಕೇಳಿದಷ್ಟು ಮಜ್ಜಿಗೆ. ಕೆಂಪಕ್ಕ ಬಲಗೈಯ ಬೆರಳುಗಳಿಂದ ಮುದ್ದೆ ಮುರಿದು ಸಾರಿನಲ್ಲಿ ಅದ್ದುವಾಗ ಎಡಗೈಯನ್ನು ಬಟ್ಟೆ ಸಮೇತ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾಳೆ ಮಿಷನ್ನು ಇಲ್ಲವೆಂದರೆ ನಾನೂ ಪಕ್ಕದಲ್ಲೇ ನಿಂತಿರುತ್ತೇನೆ, ಈ ಸಲ ಹೊಂಗೆಮರ ನೋಡದೆ. ಅದನ್ನು ಅವಳಿಗೆ ಹೇಳಬೇಕೆಂದು ತಟ್ಟೆ ತೊಳೆದಿಟ್ಟು ಬರುವಷ್ಟರಲ್ಲಿ, ನಡುಮನೆಯ ಚಾಪೆಯ ಮೇಲೆ ಎಲ್ಲರಿಗಿಂತ ಮೊದಲು ಅವಳೇ ಮಲಗಿಬಿಟ್ಟಿದ್ದಳು.